ಲಾಭ ಅಂದ್ರೆ ಎಷ್ಟು?

ಅವರು ತೀರಿಕೊಂಡ ಸುದ್ದಿ ಹೇಳಿದವಳು ಮೊಮ್ಮಗಳು ಪವಿತ್ರ. ನಾನು ಆಗ ಬೇಳೆಗೆ ಎಸರಿಟ್ಟಿದ್ದೆ.

“ಅಜ್ಜಿ, ಹಿಂದಿನ್ ಸಾಲಿನ ಅಂಕಲ್ ಹೋಗ್ಬಿಟ್ರಂತೆ.”

“ಯಾವಾಗ?”

“ಹೋದ್ ವಾರಾನೇ ಅಂತೆ.”

ಹೋದ ವಾರ ಎಂದರೆ ಬೆಂಕಿಯೂ ಆಗಿ, ಹಾಲುತುಪ್ಪವೂ ಆಗಿರುತ್ತದೆ. ಎದ್ದು ಓಡಬೇಕಾದ್ದು ಏನೂ ಇರಲಿಲ್ಲ. ಎಸರು ಕುದಿಯುತ್ತಿತ್ತು, ಬೇಳೆ ಹಾಕಿದೆ. ಪವಿತ್ರ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅಳುತ್ತೇನೆ ಅಂದುಕೊಂಡಳೋ ಏನೋ. ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಆದರೆ ಆ ಮನುಷ್ಯನ ಮಾತು ಬಂದಾಗಲೆಲ್ಲ ನಮ್ಮ ಬೀದಿಯವರು ಒಂದೋ ಅವರನ್ನು ದೇವರು ಮಾಡುತ್ತಾರೆ, ಇಲ್ಲವೇ ತಲೆಕೆಟ್ಟವನು ಅನ್ನುತ್ತಾರೆ. ಎರಡೂ ಅಲ್ಲ. ನಾನು ಕಂಡದ್ದು ಇಷ್ಟು.

ನಮ್ಮದು ಅಮೃತಹಳ್ಳಿ. ಹೊಲ ಹೋಗಿ ಸೈಟಾಗಿ, ಸೈಟು ಹೋಗಿ ಮನೆಗಳಾದವು. ನಮ್ಮ ಮನೆಯ ಹಿಂದೆ ಶೀಟು ಹೊದಿಸಿದ ಮನೆಗಳ ಒಂದು ಸಾಲು ಇತ್ತು. ಅದು ನಮ್ಮದಲ್ಲ. ಅದರ ಯಜಮಾನ ದೊಡ್ಡಬಳ್ಳಾಪುರದ ಕಡೆ ಎಲ್ಲೋ ಇದ್ದ, ಬಾಡಿಗೆ ವಸೂಲಿಗೆ ಮಾತ್ರ ಮುಖ ತೋರಿಸುತ್ತಿದ್ದ. ಬೋರು ನಮ್ಮ ಅಂಗಳದಲ್ಲಿ. ನನ್ನ ಯಜಮಾನರು ಬದುಕಿದ್ದಾಗ ಆ ಸಾಲಿಗೂ ಒಂದು ಪೈಪು ಎಳೆಸಿಕೊಟ್ಟಿದ್ದರು. ಮುಂದಿನ ಮನೆಗಳಿಗೂ ಅದೇ ನೀರು. ಕಾವೇರಿ ನೀರಿಗೆ ರಸ್ತೆ ಅಗೆದು ಪೈಪು ಹೂತು ಹೋಗಿದ್ದರು, ಅದರಲ್ಲಿ ಗಾಳಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಆ ಹಿಂದಿನ ಸಾಲಿಗೆ ಇವರು ಬಾಡಿಗೆಗೆ ಬಂದರು. ಜಾಲಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿದ್ದರಂತೆ. ಮಾಡಿದ ಸಾಮಾನು ಸರಿಯಾಗಿದೆಯೋ ಇಲ್ಲವೋ ನೋಡಿ ಪಾಸು ಅಥವಾ ರಿಜೆಕ್ಟು ಅನ್ನುವ ಕೆಲಸ. ಸೆಕ್ಷನ್ನನ್ನೇ ಮುಚ್ಚಿ ಮನೆಗೆ ಕಳಿಸಿದರು, ಕ್ವಾರ್ಟರ್ಸು ಬಿಡಬೇಕಾಯಿತು. ಅಲ್ಲೇ ಹುಟ್ಟಿ, ಅಲ್ಲೇ ಕೆಲಸ ಮಾಡಿ, ಹೊಲ ಗದ್ದೆಯ ಮುಖ ನೋಡದೆ ಬೆಳೆದವರು. ನಮ್ಮ ಬೀದಿಯಲ್ಲಿ ಅವರಿಗೆ ‘ಇನ್‌ಸ್ಪೆಕ್ಟ್ರು’ ಅಂತಲೇ ಹೆಸರಾಯಿತು. ತರಕಾರಿ ಗಾಡಿಯವನು ಪೊಲೀಸ್ ಇನ್‌ಸ್ಪೆಕ್ಟರು ಅಂದುಕೊಂಡು, ಅವರು ಬಂದರೆ ಗಾಡಿಯನ್ನು ಪಕ್ಕಕ್ಕೆ ತಳ್ಳಿ ಸಲಾಂ ಹೊಡೆಯುತ್ತಿದ್ದ. ನಿಜ ಗೊತ್ತಾದ ಮೇಲೆ ಬದನೆಕಾಯಿ ಮುಟ್ಟಲೂ ಬಿಡಲಿಲ್ಲ. “ತಗೊಳೋದಾದ್ರೆ ತಗೊಳಿ ಸಾರ್, ಡಾಕ್ಟ್ರು ತರ ಅದನ್ ತಿರುಗ್ಸಿ ತಿರುಗ್ಸಿ ನೋಡ್ಬೇಡಿ” ಅನ್ನುತ್ತಿದ್ದ.

ಹೇಳಿದ್ದು ಸುಳ್ಳಲ್ಲ. ಯಾವುದನ್ನು ಕೊಟ್ಟರೂ ಮೊದಲು ಬೆಳಕಿಗೆ ಹಿಡಿಯುವುದು, ಬೆರಳ ಗೆಣ್ಣಿನಿಂದ ತಟ್ಟುವುದು, ಅಂಚು ಸವರುವುದು. ಒಂದು ಸಲ ರಾಗಿರೊಟ್ಟಿ ಕೊಟ್ಟೆ. ಅದನ್ನೂ ಕಿಟಕಿ ಕಡೆ ಎತ್ತಿ ಹಿಡಿದರು.

“ಈ ಕಡೆ ದಪ್ಪ ಆಗಿದೆ ಅಮ್ಮ.”

“ಬ್ಯಾಡಾಂದ್ರೆ ಮಡಗಿ. ಹಸು ತಿಂತದೆ.”

“ಇಲ್ಲ ಇಲ್ಲ, ಪಾಸು” ಅಂದು ನಿಂತಲ್ಲೇ ತಿಂದರು.

ಹೆಂಡತಿಗೆ ಲಕ್ವ ಹೊಡೆದಿತ್ತು. ಬಲಗಡೆ ಪೂರ್ತಿ ಹೋಗಿತ್ತು, ಬಾಯಿ ಸೊಟ್ಟಗಾಗಿ ಮಾತೂ ಹೋಗಿತ್ತು. “ಊಂ” ಅನ್ನುವುದೊಂದೇ ಉಳಿದಿದ್ದದ್ದು. ಮಲಗಿದಲ್ಲೇ ಎಲ್ಲ. ಬೆಳಿಗ್ಗೆ ಎದ್ದು ಆಕೆಯನ್ನು ತೊಳೆದು, ಒರೆಸಿ, ಹಾಸಿಗೆಯ ಬಟ್ಟೆ ಒಗೆಯುವುದು ಅವರ ಮೊದಲ ಕೆಲಸ. ಕಲ್ಲಿನ ಮೇಲೆ ಗಂಡಸು ಬಟ್ಟೆ ಒಗೆಯುವುದನ್ನು ನೋಡಿ ಸಾಲಿನ ಹೆಂಗಸರು ಮೊದಮೊದಲು ನಕ್ಕರು, ಆಮೇಲೆ ಬಿಟ್ಟರು. ಒಣಗಿದ ದುಪ್ಪಟಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಾ, ಒಳಗಿರುವ ಆಕೆಗೆ ಬೀದಿಯ ಸಮಾಚಾರವನ್ನೆಲ್ಲ ಕೂಗಿ ಹೇಳುತ್ತಿದ್ದರು. ಒಳಗಿನಿಂದ “ಊಂ” ಬರುತ್ತಿತ್ತು. ಅಂಥ ಮನೆಗೆ ಎಷ್ಟು ನೀರು ಬೇಕು ಅನ್ನುವುದು ರೋಗಿಯನ್ನು ನೋಡಿಕೊಂಡವರಿಗೆ ಗೊತ್ತು. ನನ್ನ ಅತ್ತೆ ಹಾಗೆ ಮಲಗಿದ್ದರು, ನನಗೆ ಗೊತ್ತು.

ಆ ವರ್ಷ ಬೋರು ಸೋಲತೊಡಗಿತು. ಆಚೆ ಬದಿ ಹೊಸ ಅಪಾರ್ಟ್‌ಮೆಂಟು ಎದ್ದಿತ್ತು. ಅವರು ಜೋರಾಗಿ ಎಳೆದ ದಿನ ನಮ್ಮ ಮೋಟರು ಗಾಳಿ ಕಕ್ಕುತ್ತಿತ್ತು. ನಿಲ್ಲಿಸಿ, ನೀರು ಊರಿದ ಮೇಲೆ ಮತ್ತೆ ಹಾಕಬೇಕಿತ್ತು. ಬೀದಿಯವರೆಲ್ಲ ನಮ್ಮ ಅಂಗಳದಲ್ಲಿ ಸೇರಿದರು. ಮೂಲೆಮನೆಯವನು ನೇರವಾಗಿ ಅಂದ: “ಹಿಂದಿನ್ ಲೈನ್ ಮುಚ್ಬಿಡಿ. ನಮ್ಗೇ ಇಲ್ಲ, ಅವ್ರಿಗೆಲ್ಲಿಂದ ಕೊಡೋಣ?” ಹಿಂದಿನವರು ಟ್ಯಾಂಕರು ತರಿಸಲಾರರು. ಆ ಸಂದಿಗೆ ಟ್ಯಾಂಕರು ನುಗ್ಗುವುದಿಲ್ಲ, ತುಂಬಿಸಿಕೊಳ್ಳಲು ಸಂಪೂ ಇಲ್ಲ. ನನ್ನ ಮಗ ನಾಗರಾಜ ತಲೆ ತುರಿಸಿಕೊಂಡು ಕೂತ. ಅವನು ಯಾವತ್ತೂ ಹಾಗೇ.

ಆಗ ಇನ್‌ಸ್ಪೆಕ್ಟ್ರು ಎದ್ದರು. “ಬಾಯ್ಮಾತು ಬೇಡ ಸಾರ್. ಅಳೆಯೋಣ. ಬೆಳಿಗ್ಗೆ ಮೊದಲ್ನೇ ಸಲ ಮೋಟರ್ ಹಾಕಿದ್ಮೇಲೆ ಗಾಳಿ ಬರೋವರ್ಗೂ ಎಷ್ಟು ಕೊಡ ತುಂಬುತ್ತೆ, ದಿನಾ ನೋಡೋಣ. ಬೇಸಿಗೆ ಮುಗಿಯೋ ಹೊತ್ಗೆ ಸರಾಸರಿ ತೆಗೆಯೋಣ. ಹತ್ತು ಕೊಡ, ಅದಕ್ಕಿಂತ ಜಾಸ್ತಿ ಬಂದ್ರೆ ನಮ್ ಲೈನ್ ಇರ್ಲಿ. ಕಮ್ಮಿ ಬಂದ್ರೆ ಮುಚ್ಚಿ.”

“ಲೆಕ್ಕ ಮಾಡೋರ್ಯಾರು? ನೀವಾ?” ಅಂದ ಮೂಲೆಮನೆಯವನು. “ಬಾಳ ಚೆನ್ನಾಗಿದೆ ಗುರು, ಆಡೋರೂ ನೀವೇ, ಔಟ್ ಕೊಡೋರೂ ನೀವೇ.”

“ಎಣಿಸೋರು ಈ ಅಮ್ಮ. ಬರ್ಕೊಳೋಳು ಇವ್ರ ಮೊಮ್ಮಗಳು. ಲೆಕ್ಕ ಮಾಡೋದು ಕಂಪ್ಯೂಟ್ರು. ನಾನು ಕೊಡ ಮುಟ್ಟಲ್ಲ.”

ಎಲ್ಲರೂ ಒಪ್ಪಿದರು. ಹಾಗೆ ನಾನು ಎಣಿಸುವವಳಾದೆ. ಬೆಳಿಗ್ಗೆ ಮೋಟರಿನ ಹತ್ತಿರ ನಿಂತು ಕೊಡ ತುಂಬಿದಂತೆಲ್ಲ ಎಣಿಸುವುದು, ಗಾಳಿ ಬಂದ ಕೂಡಲೇ ಕಡೆಯ ಎಣಿಕೆಯನ್ನು ಮೇಲಿನ ಕಿಟಕಿಗೆ ಕೂಗುವುದು. ಪವಿತ್ರ ಹಾಸಿಗೆಯಲ್ಲೇ ಕೂತು ಮೊಬೈಲಿನಲ್ಲಿ ಹಾಕಿಕೊಳ್ಳುವುದು.

ಇನ್‌ಸ್ಪೆಕ್ಟ್ರು ಒಂದು ಹಳೆಯ ಲ್ಯಾಪ್‌ಟಾಪು ತಂದುಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿಯುತ್ತಿದ್ದರು. ಮೊಬೈಲಿನಲ್ಲಿ ಯಾರೋ ಪಾಠ ಹೇಳುತ್ತಾರಂತೆ. ಪವಿತ್ರ ಆಗ ಯಲಹಂಕದ ಕಾಲೇಜಿನಲ್ಲಿ ಬಿಸಿಎ, ಅವಳಿಗೂ ಅದೇ ಪಾಠ ಇತ್ತು. ಸಂಜೆ ನಮ್ಮ ಜಗುಲಿಯಲ್ಲಿ ಇಬ್ಬರೂ ಕೂರುತ್ತಿದ್ದರು. ಹೆಂಡತಿ ಮಲಗಿದ ಕೋಣೆಯ ಬಾಗಿಲು ಕಾಣುವ ಹಾಗೆ ಅವರು ಕೂರುವುದು.

“ಅದೇನವ್ವಾ ಅದು?” ಅಂತ ಕೇಳಿದೆ.

“ಪೈಥಾನ್ ಅಜ್ಜಿ. ಪೈಥಾನ್ ಅಂದ್ರೆ ಹೆಬ್ಬಾವು.”

“ಹೆಬ್ಬಾವು ಸಾಕ್ಕಂಡು ನೀರು ಅಳೀತಾರಾ?”

ಇನ್‌ಸ್ಪೆಕ್ಟ್ರು ನಕ್ಕದ್ದನ್ನು ನಾನು ನೋಡಿದ್ದು ಕಮ್ಮಿ. ಅವತ್ತು ನಕ್ಕರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅವರು ಮಾಡುತ್ತಿದ್ದದ್ದು ಪೂರ್ತಿ ತಿಳಿಯಲಿಲ್ಲ, ಮಾತು ಕಿವಿಗೆ ಬೀಳುತ್ತಿತ್ತು. ಮೊದಲ ವಾರ ಅವರು ದಿನದ ಲೆಕ್ಕವನ್ನೆಲ್ಲ ಕೂಡಿಸಿ ಏಳರಿಂದ ಭಾಗಿಸು ಅಂತ ಬರೆದಿದ್ದರು. ವಾರ ಕಳೆದರೂ ಏಳನ್ನು ಬದಲಾಯಿಸಲಿಲ್ಲ. ದಿನ ಹೆಚ್ಚಿದಂತೆಲ್ಲ ಸರಾಸರಿ ಉಬ್ಬುತ್ತಾ ಹೋಯಿತು.

“ಅಂಕಲ್, ಇನ್ನೊಂದ್ ತಿಂಗ್ಳು ಹಿಂಗೇ ಬಿಟ್ರೆ ನಮ್ ಬೋರಲ್ಲೇ ಜಕ್ಕೂರು ಕೆರೆ ತುಂಬ್ಸಬಹುದು” ಅಂದಳು ಪವಿತ್ರ. “ಏಳು ಅಂತ ಯಾಕ್ ಬರೀತೀರ? ಎಷ್ಟಿದೆ ಅಂತ ಅದನ್ನೇ ಎಣಿಸ್ಕೊಳೋಕೆ ಹೇಳಿ.”

ತಿದ್ದಿದರು. ಅವಳ ಕಾಲೇಜಿನಲ್ಲಿ ಸರಾಸರಿಯ ಜೊತೆ ನಡುವಿನದನ್ನೂ ಕೇಳುತ್ತಾರಂತೆ. ಎಲ್ಲ ದಿನಗಳನ್ನೂ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತದ್ದು ಯಾವುದು ಅಂತ ನೋಡುವುದು. ಅದನ್ನೂ ಸೇರಿಸಿದರು. ಸಾಲಾಗಿ ನಿಲ್ಲಿಸುವುದನ್ನು ಮರೆತು ನಡುವಿನದನ್ನು ಎತ್ತಿದ್ದಕ್ಕೆ ಅವಳಿಂದ ಬೈಸಿಕೊಂಡರು. ತಪ್ಪು ತೋರಿಸಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿರಲಿಲ್ಲ. “ಎಲ್ಲಿ, ತೋರ್ಸು” ಅಂತ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸುವಷ್ಟು ಬಗ್ಗುತ್ತಿದ್ದರು.

ಒಂದು ಸಂಜೆ ಪರದೆ ತುಂಬ ಕೆಂಪು ಅಕ್ಷರ ಬಂದು ಪ್ರೋಗ್ರಾಂ ನಿಂತುಹೋಯಿತು. ಪವಿತ್ರ ನೋಡಿ, “ನಂಬರ್ ಜಾಗದಲ್ಲಿ ಬೇರೆ ಏನೋ ಇದೆ ಅಂಕಲ್. ಅಜ್ಜಿ ಏನೋ ಕೂಗಿದ್ದನ್ನ ನಾನು ನಿದ್ದೇಲಿ ಹಾಕಿದೀನಿ. ನಂಬರ್ ಅಲ್ದಿದ್ರೆ ಸುಮ್ನೆ ಬಿಟ್ಟು ಮುಂದಕ್ಕೆ ಹೋಗು ಅಂತ ಹೇಳೋಣ” ಅಂದಳು. ಅದೇನೋ ಬರೆದಳು. ಆಮೇಲೆ ಒಂದು ಸಲವೂ ನಿಲ್ಲಲಿಲ್ಲ. ನಯವಾಗಿ ಓಡಿತು.

ಬೇಸಿಗೆ ಮುಗಿಯಿತು. ಭಾನುವಾರ ಮೀಟಿಂಗು. ಅದಕ್ಕೆ ಮುಂಚೆ ಲೆಕ್ಕ ಹಾಕಿದಾಗ ಸರಾಸರಿ ಹನ್ನೆರಡು ಬಂತು. ಪವಿತ್ರ ಮನೆಯೆಲ್ಲ ಕುಣಿದಳು. ನಾನೇ ಹಿಂದಿನ ಮನೆಗೆ ಹೋಗಿ ಆಕೆಗೆ ಹೇಳಿದೆ, “ನೀರು ಇರ್ತದೆ ಕಣಮ್ಮ.” ಆಕೆ “ಊಂ” ಅಂದರು. ಇನ್‌ಸ್ಪೆಕ್ಟ್ರು ಮಾತ್ರ ಬಾಗಿಲಲ್ಲಿ ನಿಂತು ಹುಬ್ಬು ಗಂಟಿಕ್ಕಿಕೊಂಡಿದ್ದರು.

“ಏನ್ ಇನ್‌ಸ್ಪೆಕ್ಟ್ರೇ, ಇಂಗೆ ನಿಂತ್ಬುಟ್ರಿ?”

“ಬಿಟ್ಟು ಮುಂದಕ್ಕೆ ಹೋಗು ಅಂತ ಹೇಳಿದೀವಲ್ಲಮ್ಮ, ಎಷ್ಟನ್ನ ಬಿಟ್ಟಿದೆ ಅಂತ ನಾವು ಕೇಳೇ ಇಲ್ಲ.”

ಅವರ ಫ್ಯಾಕ್ಟರಿಯಲ್ಲಿ ರಿಜೆಕ್ಟಾದ ಸಾಮಾನನ್ನು ಬಿಸಾಡುತ್ತಿರಲಿಲ್ಲವಂತೆ. ಕೆಂಪು ಬಣ್ಣದ ಟ್ರೇ ಇರುತ್ತಿತ್ತು. ಅದರಲ್ಲಿ ಹಾಕಿ, ಯಾಕೆ ರಿಜೆಕ್ಟು ಅಂತ ಚೀಟಿ ಕಟ್ಟಬೇಕು. ಸಂಜೆ ಟ್ರೇ ನೋಡದೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಶನಿವಾರ ಅವರೊಬ್ಬರೇ ಕೂತು ಪ್ರೋಗ್ರಾಂನೊಳಗೂ ಒಂದು ಕೆಂಪು ಟ್ರೇ ಮಾಡಿದರು. ನಂಬರಲ್ಲದ್ದು ಸಿಕ್ಕರೆ ಬಿಡಬೇಡ, ಪಕ್ಕಕ್ಕೆ ತೆಗೆದಿಟ್ಟು ಕಡೆಯಲ್ಲಿ ತೋರಿಸು ಅಂತ.

ಆಮೇಲೆ ನನ್ನ ಹತ್ತಿರ ಬಂದರು. ನಾನು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಕೇಳಿದರು:

“ಅಮ್ಮ, ಲಾಭ ಅಂದ್ರೆ ಎಷ್ಟು?”

“ಲಾಭ ಅಂದ್ರೆ ಲಾಭ. ಎಷ್ಟು ಅಂದ್ರೆ?”

“ಬೆಳಿಗ್ಗೆ ಕಿಟಕಿಗೆ ಕೂಗ್ತೀರಲ್ಲ. ಎಷ್ಟೋ ದಿನ ಬರೀ ಲಾಭ ಅಂತ ಇದೆ. ಆ ಹುಡ್ಗಿ ಅದನ್ನ ಹಂಗೇ ಹಾಕಿದಾಳೆ. ನೀರು ಚೆನ್ನಾಗಿ ಬಂದಿದೆ, ಅಜ್ಜಿ ಖುಷೀಲಿ ಕೂಗ್ತಿದಾರೆ, ನಂಬರ್ ಹೇಳೋದು ಮರ್ತಿದಾರೆ ಅಂದ್ಕೊಂಡಿದ್ಲಂತೆ.”

ಬಡ್ಡಿಮಗಳು. ಕಣ ಕಂಡಿದ್ದರೆ ತಾನೇ ಗೊತ್ತಾಗುವುದು. ನಮ್ಮಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ. ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು. ಒಂದು ಅಂದುಬಿಟ್ಟರೆ ಒಂದಕ್ಕೇ ನಿಂತುಹೋಗುತ್ತದೆ ಅಂತ. ನನ್ನ ಅತ್ತೆ ಹಾಗೇ ಎಣಿಸಿದರು, ನಾನೂ ಹಾಗೇ ಎಣಿಸಿದೆ. ರಾಗಿಯಾದರೇನು, ನೀರಾದರೇನು.

ಇದನ್ನೆಲ್ಲ ಹೇಳಿದೆ. ಅವರು ಮೊರದ ಪಕ್ಕ ಕುಕ್ಕರುಗಾಲಲ್ಲಿ ಕೂತರು.

“ಹಂಗಾದ್ರೆ ಲಾಭ ಅಂದ್ರೆ ಒಂದು.”

“ಊಂ, ಒಂದು.”

“ಬರೀ ಒಂದೇ ಕೊಡ.”

“ಇನ್ನೆಷ್ಟು ಇದ್ದಾತು? ಒಂದ್ ತುಂಬ್ತಿದ್ದಂಗೇ ಗಾಳಿ ಬರಾದು.”

ಮೊರದಿಂದ ಒಂದು ಕಲ್ಲು ಆರಿಸಿ ಹೊರಗಿಟ್ಟರು. “ಲಾಭ ಇಷ್ಟು ಚಿಕ್ಕದು ಅಂತ ಗೊತ್ತಿರ್ಲಿಲ್ಲಮ್ಮ” ಅಂದರು.

ನೀರು ಪೂರ್ತಿ ಕೈಕೊಟ್ಟ ದಿನಗಳನ್ನೇ ಆರಿಸಿ ಆ ಯಂತ್ರ ಲೆಕ್ಕದಿಂದ ಬಿಟ್ಟಿತ್ತು. ಲಾಭ ಅಂದರೆ ಒಂದು ಅಂತ ಅದಕ್ಕೆ ಒಂದು ಸಾಲು ಬರೆದು ಹೇಳಿಕೊಟ್ಟರು. ಹನ್ನೆರಡಿದ್ದ ಸರಾಸರಿ ಒಂಬತ್ತು ಚಿಲ್ಲರೆಗೆ ಇಳಿಯಿತು.

ಸಂಜೆ ಜಗುಲಿಯಲ್ಲಿ ನಾವು ಮೂವರೇ. ಪವಿತ್ರ ಉಗುರು ಕಚ್ಚುತ್ತಾ ಪರದೆ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನೆಟ್ಟಗೆ ಕೂತಳು. “ಅಂಕಲ್, ನಡುವಿನದು ತಗೊಳ್ಳಿ! ಅದು ಹನ್ನೊಂದು ಬರ್ತಿದೆ ನೋಡಿ. ಅದೂ ಒಂದ್ ತರ ಸರಾಸರೀನೇ. ನಮ್ ಮೇಡಂ ಹೇಳಿದಾರೆ, ಒಂದೆರಡು ದಿನ ತೀರಾ ಕಮ್ಮಿ ಇದ್ರೆ ಅದೇ ಸರಿ ಅಂತ. ಸುಳ್ಳೇನಲ್ಲ.”

“ಒಂದೆರಡು ದಿನ ಅಲ್ವಲ್ಲ ಪುಟ್ಟ.”

“ಯಾರಿಗ್ ಗೊತ್ತಾಗುತ್ತೆ?”

ನಾನೂ ಅಂದೆ: “ಅವ್ಳು ಯೋಳೋದು ಸರಿಯಾಗೈತೆ. ನಾನೇನೂ ಬಾಯಿ ಬಿಡಾಕಿಲ್ಲ. ಒಳಗೆ ಮಲಗಿರೋರ್ನ ನೋಡ್ಕಳಿ ಮೊದ್ಲು.”

ಅವರು ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿದರು. “ಮೀಟಿಂಗಲ್ಲಿ ಸರಾಸರಿ ಅಂತ ಹೇಳಿದ್ದು ನಾನೇ. ಹನ್ನೊಂದು ಅಂತ ಹೇಳಿದ್ರೆ ಜನ ನಂಬ್ತಾರಮ್ಮ, ಬೋರು ನಂಬಲ್ವಲ್ಲ. ಅದು ಕೊಡೋದು ಅಷ್ಟೇ.”

ಎದ್ದು ಮನೆಗೆ ಹೋದರು. ಅವತ್ತು ಒಳಗೆ ಆಕೆಗೆ ಏನು ಹೇಳಿದರೋ ಕೇಳಿಸಲಿಲ್ಲ.

ಭಾನುವಾರ ಮೂಲೆಮನೆಯವನು ಕುರ್ಚಿ ಎಳೆದುಕೊಂಡು ಮೊದಲೇ ಕೂತಿದ್ದ. “ಏನ್ ಸಾರ್, ಏನ್ ಭವಿಷ್ಯ ಹೇಳ್ತು ನಿಮ್ ಪೆಟ್ಟಿಗೆ?”

“ಒಂಬತ್ತು ಚಿಲ್ರೆ.”

ನಾಗರಾಜನಿಗೇ ಗಾಬರಿಯಾಯಿತು. “ಪವಿ ಹನ್ನೆರಡು ಅಂದಿದ್ಲಲ್ಲ?”

“ಅದು ತಪ್ಪಿತ್ತು ಸಾರ್. ಬಿಟ್ಟೋಗಿದ್ ದಿನ ಸೇರ್ಸಿದೀನಿ.” ಲಾಭದ ವಿಷಯ ಎತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಎತ್ತಿದ್ದರೂ ನನಗೇನೂ ಬೇಸರ ಇರಲಿಲ್ಲ. ನಾನು ಎಣಿಸಿದ್ದು ಸರಿಯಾಗಿಯೇ ಇತ್ತು.

“ಒಂದ್ ತಿಂಗ್ಳು ನೋಡೋಣ, ಮಳೆ ಬೀಳ್ಲಿ” ಅಂತ ನಾಗರಾಜ ಗೊಣಗಿದ. ಮೂಲೆಮನೆಯವನು ಬಿಡಲಿಲ್ಲ. “ರೂಲ್ ಮಾಡ್ದೋರು ಅವ್ರು, ಲೆಕ್ಕ ಹೇಳ್ದೋರು ಅವ್ರು. ನಮ್ದೇನಿದೆ ಮಧ್ಯ?”

ದೇವರಂಥವರು ಅನ್ನುವವರಿಗೆ ಇಲ್ಲಿಂದ ಮುಂದಿನದು ಮರೆತುಹೋಗಿದೆ. ಪೈಪು ಅವರೊಬ್ಬರದಲ್ಲ. ಆ ಸಾಲಿನ ಎಲ್ಲ ಮನೆಗೂ ಅದೇ ಪೈಪು. ಹೂವು ಕಟ್ಟಿ ಮಾರುವ ಹೆಂಗಸು ಒಬ್ಬಳಿದ್ದಳು, ಎರಡು ಕೈಯಲ್ಲೂ ಖಾಲಿ ಬಿಂದಿಗೆ ಹಿಡಿದುಕೊಂಡು ಅವರ ಬಾಗಿಲಿಗೆ ಬಂದಳು.

“ನಿನ್ ಲೆಕ್ಕಕ್ಕೆ ಬೆಂಕಿ ಬೀಳ! ನಿಂಗೆ ಬ್ಯಾಡಾಂದ್ರೆ ನೀನ್ ಬಿಡು, ನಮ್ ನೀರು ಬಿಟ್ಕೊಡಾಕೆ ನೀನ್ಯಾವನೋ? ನನ್ ಮಕ್ಳಿಗೆ ಏನ್ ಕುಡಿಸ್ಲಿ, ನಿನ್ ಕಂಪ್ಯೂಟ್ರು ತೊಳೆದ್ ಕುಡಿಸ್ಲಾ?”

ಅವರು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. “ನೀವ್ ಹೇಳೋದು ಸರಿಯಮ್ಮ” ಅಂದರು. ಅವಳಿಗೆ ಇನ್ನೂ ಉರಿ ಹತ್ತಿತು. ಒಂದು ಬಿಂದಿಗೆ ಅಲ್ಲೇ ಎಸೆದು ಹೋದಳು. ಅವಳ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಅವರ ಮಾತಿನಲ್ಲೂ ಕಾಣಲಿಲ್ಲ. ಎರಡೂ ಸರಿಯಿದ್ದರೆ ಏನು ಮಾಡಬೇಕು ಅಂತ ನನಗೆ ಯಾರೂ ಹೇಳಿಕೊಟ್ಟಿಲ್ಲ.

ಪ್ಲಂಬರು ಬಂದು ಪೈಪು ಕತ್ತರಿಸಿ ಮುಚ್ಚಳ ಬಿಗಿದ. ನಾನು ನಮ್ಮ ಪಾಲಿನದರಲ್ಲಿ ತೆಗೆದುಕೊಳ್ಳಿ ಅಂತ ಇನ್‌ಸ್ಪೆಕ್ಟ್ರಿಗೆ ಹೇಳಿದೆ. ಎರಡು ದಿನ ಬಂದು ತುಂಬಿಸಿಕೊಂಡು ಹೋದರು. ಮೂರನೆಯ ದಿನ ಬರಲಿಲ್ಲ. ಹೋಗಿ ಕೇಳಿದರೆ, “ಪಕ್ಕದ ಮನೆಯೋರು ನೋಡ್ತಾರಮ್ಮ, ಅವ್ರಿಗೂ ಕೊಡ್ತೀರಾ?” ಅಂದರು. ಎಲ್ಲರಿಗೂ ಎಲ್ಲಿಂದ ಕೊಡಲಿ. ವಾಪಸು ಬಂದೆ.

ಆ ತಿಂಗಳೇ ಮನೆ ಖಾಲಿ ಮಾಡಿದರು. ಯಶವಂತಪುರದಲ್ಲಿ ಹೆಂಡತಿಯ ಅಕ್ಕನ ಮನೆಗೆ ಹೋಗುವುದಂತೆ, ಮೂರನೆಯ ಮಹಡಿ. ಆಕೆಯನ್ನು ಕುರ್ಚಿಗೆ ದುಪ್ಪಟಿಯಿಂದ ಕಟ್ಟಿ ಆಟೋದವರೆಗೆ ಎತ್ತಿಕೊಂಡು ಬಂದರು. ಆಕೆ ನನ್ನನ್ನು ನೋಡಿದರು. ಬಾಯಿ ಅಲುಗಿತು, “ಊಂ” ಕೂಡ ಬರಲಿಲ್ಲ. ಅಲ್ಲಿಗೆ ಹೋಗಿ ಮಳೆಗಾಲ ಕಳೆಯುವಷ್ಟರಲ್ಲಿ ಆಕೆ ಹೋದರು ಅಂತ ಕೇಳಿದೆ. ಮೈಯೆಲ್ಲ ಹುಣ್ಣಾಗಿತ್ತಂತೆ. ನೀರಿಗೇ ಹಾಗಾಯಿತು ಅಂತ ನಾನು ಹೇಳಲಾರೆ. ಹಾಗಲ್ಲ ಅಂತಲೂ ಹೇಳಲಾರೆ.

ಈಗ ಅವರೂ ಹೋದರು. ಪವಿತ್ರ ಬೇಳೆ ಬೇಯುವವರೆಗೂ ಅಡುಗೆಮನೆ ಬಿಟ್ಟು ಕದಲಲಿಲ್ಲ.

“ಅಜ್ಜಿ, ಅವತ್ತು ನಡುವಿನದು ಹೇಳಿದ್ರೆ ಏನಾಗ್ತಿತ್ತು?”

“ಬೋರು ಬ್ಯಾಗ ಬತ್ತೋಯ್ತಿತ್ತು.”

ಅದು ನಿಜ. ಬೋರು ಮಾರನೆಯ ಬೇಸಿಗೆಗೆ ಪೂರ್ತಿ ನಿಂತಿತು, ಮೋಟರು ಎತ್ತಿಸಿ ಗುಜರಿಗೆ ಹಾಕಿದೆವು. ಹಿಂದಿನ ಸಾಲಿಗೂ ಬಿಟ್ಟಿದ್ದರೆ ಇನ್ನೂ ಒಂದಷ್ಟು ದಿನ ಮೊದಲೇ ನಿಲ್ಲುತ್ತಿತ್ತು. ಅಂದರೆ ಅಷ್ಟು ದಿನದ ನೀರು ಮುಂದಿನ ಮನೆಗಳಿಗೆ ಉಳಿಯಿತು. ಅವಳು ಹೋದ ಮೇಲೆ ಬೇಳೆ ತಿರುವುತ್ತಾ, ಆ ಉಳಿದ ನೀರನ್ನು ನಾವು ಏನು ಮಾಡಿದೆವು ಅಂತ ನೆನಪು ಮಾಡಿಕೊಳ್ಳಲು ನೋಡಿದೆ. ಸ್ನಾನ ಮಾಡಿದೆವು. ಬಾಗಿಲಿಗೆ ಹಾಕಿದೆವು. ನಾಗರಾಜ ಭಾನುವಾರ ಪೈಪು ಹಿಡಿದು ಕಾರು ತೊಳೆದ.